ಕತೆಯಲ್ಲಿ ಸತ್ತವಳಿಗೆ

ಟಿ. ನರಸೀಪುರ
14-9-1998

ನನ್ನ ಚನ್ನಿ,

ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಹೆಮ್ಮರಗಾಲದಲ್ಲಿ, ನಿನ್ನ ಅಣ್ಣನ ಮನೆಯಲ್ಲಿ, ನಿನ್ನನ್ನು ಒಬ್ಬಳೇ ಹೊರಗೆ ಬಿಡುತ್ತಿಲ್ಲವಂತೆ. ನಿನ್ನ ಅತ್ತಿಗೆ ಒಳ್ಳೆಯವರು, ಅವರ ಹೆಸರಿಗೇ ಈ ಕಾಗದ ಹಾಕುತ್ತಿದ್ದೇನೆ.

ವಾರಪತ್ರಿಕೆಯಲ್ಲಿ ನನ್ನ ಕತೆ ಬಂದ ದಿನ ನಂಜನಗೂಡಿನ ನಮ್ಮ ಬಾಡಿಗೆ ಕೋಣೆಯಲ್ಲಿ ನೀನು ಕುಣಿದಾಡಿದೆ. ಕೊನೆಯ ಪುಟ ಓದಿ ಪತ್ರಿಕೆ ಕೆಳಗಿಟ್ಟೆ. ನಮ್ಮಂತೆಯೇ ಒಂದೇ ಕೋಣೆಯಲ್ಲಿದ್ದು, ಮದುವೆ ಒಲ್ಲದೆ, ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಟೀಚರುಗಳ ಕತೆ ಅದು. ಕೊನೆಯಲ್ಲಿ ಒಬ್ಬಳು ತಲೆಕೆಟ್ಟು ಹೊಳೆಗೆ ಹಾರುತ್ತಾಳೆ. ಇನ್ನೊಬ್ಬಳು ಮದುವೆಯಾಗಿ ಸುಖವಾಗಿರುತ್ತಾಳೆ. ಸತ್ತವಳಿಗೆ ನಿನ್ನ ನಗು, ನಿನ್ನ ಗಲ್ಲದ ಮಚ್ಚೆ. ನನ್ನನ್ನೇ ಯಾಕೆ ಸಾಯಿಸಿದೆ ಎಂದು ನೀನು ಕೇಳಿದೆ. ಕೊನೆ ತಿದ್ದಿದ್ದು ಸಂಪಾದಕರು ಎಂದು ನಾನು ಹೇಳಿದೆ. ಇಂಥ ಹೆಂಗಸರು ಯಾವ ಕತೆಯಲ್ಲಿ, ಯಾವ ಸಿನಿಮಾದಲ್ಲಿ ಬದುಕಿ ಉಳಿದಿದ್ದಾರೆ ಹೇಳು ಎಂದು ನಿನ್ನ ಬಾಯಿ ಮುಚ್ಚಿಸಿದೆ.

ಮನೆ ಒಡತಿ ಸಿದ್ದಲಿಂಗಮ್ಮನವರಿಗೆ ಕತೆ ತುಂಬಾ ಹಿಡಿಸಿತು. "ಚೆನ್ನಾಗ್ ಬರ್ದಿದ್ದೀಯ ಕಣವ್ವ, ಅಂತೋರ್ಗೆ ಅಂಗೇ ಆಗ್ಬೇಕು" ಎಂದರು. ಮಚ್ಚೆಯನ್ನು ಗುರುತು ಹಿಡಿದು ನಿನ್ನ ಮನೆಗೆ ಸುದ್ದಿ ಮುಟ್ಟಿಸಿದವರೂ ಅವರೇ. ಮರುವಾರ ನಿನ್ನ ಅಣ್ಣ ಪತ್ರಿಕೆ ಹಿಡಿದು ಬಂದರು. "ಊರ್ನೋರೆಲ್ಲ ಓದ್ಬುಟ್ಟವ್ರೆ. ನಡಿಯಮ್ಮಿ ಮನ್ಗೆ" ಎಂದರು. ನೀನು ನನ್ನ ಕಡೆ ನೋಡಿದೆ. ಅವಳು ಎಲ್ಲಿಗೂ ಬರುವುದಿಲ್ಲ ಎಂದು ನಾನು ಒಂದು ಮಾತು ಆಡಬಹುದಿತ್ತು. ನಾನು ನಿನ್ನ ಸೀರೆಗಳನ್ನು ಮಡಿಸಿ ಬ್ಯಾಗಿಗೆ ತುಂಬಿದೆ.

ಆ ಕೋಣೆಯಲ್ಲಿ ಒಬ್ಬಳೇ ಇರಲಾರದೆ ರಜೆ ಹಾಕಿ ಅಪ್ಪನ ಮನೆಗೆ ಬಂದಿದ್ದೇನೆ. ಓದುಗರ ಪತ್ರಗಳು ಬರುತ್ತಲೇ ಇವೆ. ಹೆಣ್ಣುಮಕ್ಕಳಿಗೆ ಒಳ್ಳೆಯ ಪಾಠವಂತೆ. ಓದುತ್ತಿದ್ದರೆ ಅಳು ಬರುತ್ತದೆ.

ಮುಂದಿನ ತಿಂಗಳು ನಿನ್ನ ಮದುವೆಯೆಂದು ಕೇಳಿದೆ. ನಿನಗೆ ಅದು ಬೇಡವಾಗಿದ್ದರೆ ಒಂದು ಸಾಲು ಬರೆ, ಸಾಕು. ನಾನೇ ಬಂದು ನಿನ್ನ ಅಣ್ಣನ ಮುಂದೆ ನಿಲ್ಲುತ್ತೇನೆ. ಈ ಸಲ ಬಾಯಿ ಬಿಡುತ್ತೇನೆ ಚನ್ನಿ.

ಇಂದಿಗೂ ನಿನ್ನವಳೇ,
ವನಿತಾ

ತಾ.ಕ.: ಸುಳ್ಳನ್ನು ಉಳಿಸಿಕೊಂಡು ನಿನ್ನನ್ನು ಕರೆಯಲಾರೆ. ಸಂಪಾದಕರು ಕತೆಯಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ. ಆ ಹುಡುಗಿಯನ್ನು ಸಾಯಿಸಲೇಬೇಕೇ, ಇಬ್ಬರೂ ಬದುಕಲಿ ಬಿಡಿ ಎಂದು ಅಚ್ಚಿಗೆ ಮೊದಲೇ ನನಗೆ ಬರೆದಿದ್ದರು. ಸಾಯಲೇಬೇಕು ಎಂದು ಉತ್ತರ ಹಾಕಿದವಳು ನಾನು. ಕತೆಯಲ್ಲಿ ನೀನು ಸತ್ತು ನಾನು ಮದುವೆಯಾಗಿಬಿಟ್ಟರೆ ನನ್ನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಅಂದುಕೊಂಡಿದ್ದೆ.