ಅಯ್ಯನಕೆರೆಯಲ್ಲಿ ಗಾಳಿ ಅಳೆದದ್ದು

ಸಖರಾಯಪಟ್ಟಣ, ಗುರುವಾರ

ಯಜಮಾನರಿಗೆ ಶರಣು. ಫೋನಲ್ಲಿ ಹೇಳಿದ್ರೆ ನಿಮಗೆ ಅರ್ಧ ಕೇಳ್ಸಲ್ಲ, ಅದಕ್ಕೇ ಈ ಕಾರ್ಡು.

ನಮ್ಮ ಸೊಸೆ ಸೌಮ್ಯ ಕಾಲೇಜಿನ ಕೆಲಸಕ್ಕೆ ಅಯ್ಯನಕೆರೆ ಮೇಲಿನ ಗಾಳಿ ಅಳೀತಿದ್ದಾಳಲ್ಲ, ನಿನ್ನೆ ನನ್ನನ್ನೂ ತೆಪ್ಪ ಹತ್ತಿಸಿದ್ಲು. ನಮ್ಮ ಅಜ್ಜಂಪುರ ಪೇಟೆ ಇಡೀ ಮುಳುಗುವಷ್ಟು ದೊಡ್ಡ ಕೆರೆ ಕಣ್ರೀ! ಗಾಳಿಯ ಕೊಳೆ ತೋರಿಸೋ ಮಿಷನ್ನಲ್ಲಿ ಬರೀ ಒಂಬತ್ತು. "ಚೊಕ್ಕ ಗಾಳಿ ಬೇಕಾದಷ್ಟಾಯ್ತು ಅತ್ತೆ, ಹೋಲಿಸೋಕೆ ಕೆಟ್ಟದ್ದೂ ಬೇಕು" ಅಂತ ಅವಳ ಗೋಳು. ಅಷ್ಟರಲ್ಲಿ ದಡದ ತೋಟದಲ್ಲಿ ಯಾರೋ ತೆಂಗಿನ ಗರಿಗೆ ಬೆಂಕಿ ಹಾಕಿದ್ರು. ಗಾಳಿ ನಮ್ಮ ಕಡೆ ತಿರುಗ್ತು, ಮಿಷನ್ನು ಇನ್ನೂರು ದಾಟ್ತು. ಹೊಗೆ ಕಂಡು ಕುಣಿದೋಳು ಅಂದ್ರೆ ಇವಳೊಬ್ಬಳನ್ನೇ ನಾನು ನೋಡಿದ್ದು!

ನಾನು ಕೆಮ್ಮಿದ್ದೇ ತಡ, ಮಿಷನ್ ಆಫ್ ಮಾಡಿ, ತನ್ನ ವೇಲು ನನ್ನ ಮೂಗಿಗೆ ಕಟ್ಟಿ, ಹುಟ್ಟು ಹಾಕ್ತಿದ್ದೋರಿಗೆ "ಬೀರಪ್ಪಣ್ಣ, ತೆಪ್ಪ ತಿರುಗ್ಸಿ" ಅಂದ್ಲು.

"ಬೇಕಿದ್ದ ಗಾಳಿ ಈಗ ಸಿಕ್ಕಿದೆ, ಅಳ್ಕೊಳ್ಳೇ" ಅಂದೆ.

"ಅದು ನಾಳೆನೂ ಸಿಗುತ್ತೆ, ನೀವು ಸುಮ್ನಿರಿ" ಅಂತ ಗದರಿದ್ಲು. ಇವತ್ತೂ ಆ ತೋಟದೋರು ಗರಿ ಸುಡ್ತಿದ್ರಂತೆ, ನನ್ನ ಮನೇಲೇ ಬಿಟ್ಟು ಹೋಗಿ ಅಳ್ಕೊಂಡು ಬಂದ್ಲು.

ನಂಗೆ ಆಮೇಲೆ ಉಬ್ಬಸ ಬರಲಿಲ್ಲ, ನಿದ್ದೆ ಚೆನ್ನಾಗಿದೆ. ಸೋಮವಾರ ಬರಬೇಕಿದ್ದೋಳು ಇನ್ನೊಂದು ವಾರ ಉಳೀತೀನಿ. ಸಾರು ನೀವೇ ಮಾಡ್ಕೊಳ್ಳಿ, ಉಪ್ಪು ಕಡಿಮೆ ಹಾಕಿ.

ಗುರುಶಾಂತಮ್ಮ