ಬಾವ ಹಿಂದೆ ನಿಂತಿದ್ದಾನೆ

ಪಾಂಡವಪುರ
20-11-2025

ಸುಧಾ,

ಕ್ಷೇಮವಾಗಿದ್ದೇನೆ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ದಿನಕ್ಕೆರಡು ಸಲ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಗಾಬರಿಯಾಗಬಹುದು. ಫೋನಿನಲ್ಲಿ ನೀನು ಊಟ ಆಯ್ತಾ ಅನ್ನುತ್ತೀಯ, ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಇದನ್ನು ಅತ್ತೆಯ ಮುಂದೆ ಓದಬೇಡ. ಮೊದಲು ನೀನೊಬ್ಬಳೇ ಓದು.

ಟ್ರೈನಿಂಗ್ ಹೇಗಿದೆ ಅಂದೆಯಲ್ಲ, ಚೆನ್ನಾಗಿದೆ ಅಂದಿದ್ದೆ. ಅರ್ಧ ನಿಜ. ಶ್ರೀರಂಗಪಟ್ಟಣದ ರಸ್ತೆಯಲ್ಲಿ ಕಿರಂಗೂರಿನವರೆಗೂ ಒಂದೂ ತಪ್ಪಿಲ್ಲದೆ ಲಾರಿ ಓಡಿಸುತ್ತೇನೆ. ಕಲಿಸುವ ರಹಮತುಲ್ಲಾ ಸಾಬರು ಮೂವತ್ತು ವರ್ಷ ಲಾರಿಯಲ್ಲೇ ಬದುಕಿದವರು, ಸುಮ್ಮಸುಮ್ಮನೆ ಹೊಗಳುವ ಜನ ಅಲ್ಲ. ಅವರೇ ಭೇಷ್ ಅಂದಿದ್ದಾರೆ. ಹಾಳಾದ್ದು ರಿವರ್ಸ್ ಒಂದು ಬರುವುದಿಲ್ಲ.

ಮೈದಾನದಲ್ಲಿ ಬಿದಿರು ನೆಟ್ಟು, ಅದರ ನಡುವೆ ಲಾರಿಯನ್ನು ಹಿಂದಕ್ಕೆ ತರಬೇಕು. ಸಾಬರು ಹಿಂದೆ ನಿಂತು, ಸಾಕು ಅನ್ನಿಸಿದಾಗ ಲಾರಿಯ ಮೈಗೆ ಅಂಗೈಯಿಂದ ಒಂದು ಏಟು ತಟ್ಟುತ್ತಾರೆ. ತಟ್ಟಿದರೆ ನಿಲ್ಲಿಸಬೇಕು, ಅಷ್ಟೇ. ಆದರೆ ಅವರು ತಟ್ಟುವ ಮೊದಲೇ ನನಗೆ ಕೇಳಿಸುತ್ತದೆ. ಗಕ್ಕನೆ ಬ್ರೇಕ್ ತುಳಿಯುತ್ತೇನೆ. "ಅರೆ ಸಿದ್ದೇಶಾ, ನಾನಿನ್ನೂ ಕೈಯೇ ಎತ್ತಿಲ್ಲ ಕಣಪ್ಪಾ, ಯಾಕ್ ನಿಲ್ಲಿಸ್ಬುಟ್ಟೆ?" ಅನ್ನುತ್ತಾರೆ. ಮಂಗಳವಾರ ಅವರು ದೂರದಲ್ಲಿ ಟೀ ಕುಡಿಯುತ್ತಿದ್ದರು, ಲಾರಿಯ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಸದ್ದು ಬಂತು. ಎಡಗಡೆ ಕನ್ನಡಿಯಲ್ಲಿ ಕೆಂಪು ಟವೆಲ್ ಹಾಕಿಕೊಂಡ ಹೆಗಲು ಕಂಡಿತು. ಇಳಿದು ಹೋಗಿ ನೋಡಿದೆ, ಬಗ್ಗಿ ಚಕ್ರದ ಸಂದಿಯನ್ನೂ ನೋಡಿದೆ. ಕಲಿಯಲು ಬಂದಿದ್ದ ಒಬ್ಬ, "ಏನ್ಲಾ, ಲಾರಿ ಕೆಳಗೆ ಎಂಡ್ತಿ ಉಡುಕ್ತಿದ್ದೀಯಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಸುಧಾ, ಆದರೆ ನನಗೆ ಭಯವಾಗಿತ್ತು.

ಕೆಂಪು ಟವೆಲ್ ಯಾರದ್ದೆಂದು ನಿನಗೆ ಹೇಳಬೇಕಾಗಿಲ್ಲ.

ನಿಮ್ಮಣ್ಣ ಸತ್ತ ದಿನ ನಡೆದದ್ದನ್ನು ಈಗ ಹೇಳುತ್ತೇನೆ. ನಾಗರಾಜು ಬಾವ ಹ್ಯಾಂಡ್ ಬ್ರೇಕ್ ಹಾಕದೆ ಇಳಿದು ಹಿಂದಕ್ಕೆ ಹೋದ, ಕಬ್ಬು ತುಂಬಿದ ಲಾರಿ ತಾನಾಗಿ ಉರುಳಿ ಅವನನ್ನು ಆಲೆಮನೆಯ ಗೋಡೆಗೆ ಒತ್ತಿತು ಎಂದು ಊರೆಲ್ಲ ನಂಬಿದೆ. ಪೊಲೀಸರಿಗೂ ಅದನ್ನೇ ಹೇಳಿದೆ. ನಿನ್ನ ತಲೆ ಮುಟ್ಟಿಯೂ ಅದನ್ನೇ ಹೇಳಿದೆ. ಲಾರಿ ತಾನಾಗಿ ಉರುಳಲಿಲ್ಲ. ಡ್ರೈವರ್ ಸೀಟಿನಲ್ಲಿ ನಾನಿದ್ದೆ.

ಅದಕ್ಕೂ ಒಂದು ತಿಂಗಳ ಹಿಂದಿನಿಂದ, ಅರಕೆರೆಯ ಆ ಆಲೆಮನೆಗೆ ಕಬ್ಬು ತಂದಾಗಲೆಲ್ಲ, ಗೇಟಿನೊಳಗೆ ಮಾತ್ರ ಬಾವ ನನಗೆ ಸ್ಟೇರಿಂಗ್ ಕೊಡುತ್ತಿದ್ದ. ನಾನೇ ಪ್ರಾಣ ತಿಂದು ಕೇಳಿಕೊಂಡಿದ್ದೆ. "ಸುಧಂಗೆ ಗೊತ್ತಾದ್ರೆ ನನ್ ಚರ್ಮ ಸುಲಿತಾಳೆ ಕಣ್ಲಾ" ಎಂದು ನಗುತ್ತಲೇ ಸೀಟು ಬಿಟ್ಟು ಇಳಿದು, ಹಿಂದೆ ನಿಂತು ದಾರಿ ತೋರಿಸುತ್ತಿದ್ದ. ಅವತ್ತು ಗಾಣದ ಸದ್ದು ಜೋರಾಗಿತ್ತು. ಬಾವ ತಟ್ಟಿದ್ದು ನನಗೆ ಕೇಳಲಿಲ್ಲ. ನನ್ನ ಹತ್ತಿರ ಇದ್ದದ್ದು ಕಾರಿನ ಲೈಸೆನ್ಸ್. ಜನ ಓಡಿಬಂದಾಗ ಜೈಲು ಕಣ್ಣ ಮುಂದೆ ಬಂತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಆಮೇಲೆ ಅದೇ ನಿಂತುಹೋಯಿತು.

ಅತ್ತೆ ನನ್ನ ತಟ್ಟೆಗೆ ಮುದ್ದೆ ಹಾಕುತ್ತಾ, "ಬ್ರೇಕ್ ಆಕ್ದೆ ಇಳ್ದ್ನಲ್ಲಪ್ಪಾ ದಡ್ಡ ನನ್ಮಗ, ನನ್ನೊಟ್ಟೆ ಉರಿಸ್ಬುಟ್ಟ. ನೀನಾದ್ರೂ ಉಷಾರಾಗಿ ಓಡ್ಸು" ಅನ್ನುತ್ತಾರೆ. ಸತ್ತ ಮಗನನ್ನು ಬೈದು, ಕೊಂದವನಿಗೆ ಉಣ್ಣಲು ಇಕ್ಕುತ್ತಾರೆ. ಆ ಮುದ್ದೆ ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತದೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ನಿನಗೆ ಹೇಗೆ ಗೊತ್ತಾಗಬೇಕು, ಪಾಪ.

ನಿನ್ನೆ ಸಾಬರು ನನ್ನನ್ನು ಕೆಳಗಿಳಿಸಿದರು. ನಾನು ರಿವರ್ಸ್ ತೆಗೆಯುತ್ತೇನೆ, ನೀನು ಹಿಂದೆ ನಿಂತು ತಟ್ಟು ಅಂದರು. ನಿಂತೆ. ಲಾರಿಯ ಬೆನ್ನು ಹತ್ತಿರ ಹತ್ತಿರ ಬಂತು. ಬಾವ ಕೊನೆಗೆ ಕಂಡದ್ದು ಇದನ್ನೇ ಅಲ್ಲವೇ ಅನ್ನಿಸಿತು. ಕೈ ಎತ್ತಿದೆ, ತಟ್ಟಲು ಆಗಲಿಲ್ಲ, ಅಲ್ಲೇ ಕುಸಿದೆ. ಸಾಬರು ಕನ್ನಡಿಯಲ್ಲಿ ನೋಡಿ ನಿಲ್ಲಿಸಿದರು. ನೀರು ಕುಡಿಸಿದರು, ಏನೂ ಕೆದಕಲಿಲ್ಲ. "ಇದು ಲಾರಿ ಭಯ ಅಲ್ಲ ಬೇಟಾ. ಯಾರ್ಗೆ ಹೇಳ್ಬೇಕೋ ಹೇಳ್ಬುಟ್ಟು ಬಾ, ಆಮೇಲೆ ಸೀಟು ಹತ್ತು" ಅಂದರು. ಅದಕ್ಕೇ ಈ ಕಾಗದ.

ಸೋಮವಾರ ನಾಗಮಂಗಲದಲ್ಲಿ ಟೆಸ್ಟ್. ಅಣ್ಣನ ಲಾರಿ ಬೇರೆಯವರ ಕೈಗೆ ಹೋಗಬಾರದು ಎಂದು ನೀನೇ ಹಟ ಹಿಡಿದು ನನ್ನನ್ನು ಕಳಿಸಿದೆ. ಅದು ಯಾರ ಕೈಗೆ ಹೋಗಬೇಕು ಎಂದು ಈಗ ಹೇಳು. ನೀನು ಬೇಡ ಅಂದರೆ ನಾಗಮಂಗಲಕ್ಕೆ ಹೋಗುವುದಿಲ್ಲ. ಸ್ಟೇಷನ್ನಿಗೆ ನಡಿ ಅಂದರೆ, ಅಕ್ಕಿಹೆಬ್ಬಾಳಿಗೆ ಬಂದು ಅತ್ತೆಯ ಕಾಲಿಗೆ ಬಿದ್ದು ಹೋಗುತ್ತೇನೆ. ನನ್ನ ಮುಖ ನೋಡುವುದಿಲ್ಲ ಅಂದರೂ ಸರಿಯೇ. ಏನೇ ಆಗಲಿ, ನಿಮ್ಮ ಮಗ ದಡ್ಡನಲ್ಲ, ಅವನ ತಪ್ಪು ಏನೂ ಇಲ್ಲ ಎಂದು ಅತ್ತೆಗೆ ಹೇಳಿಬಿಡು. ಅವರು ಇನ್ನೊಂದು ದಿನ ಅವನನ್ನು ಬೈಯುವುದು ಬೇಡ.

ನಿನ್ನ ಗಂಡ ಎಂದು ಬರೆದುಕೊಳ್ಳಲು ಕೈ ಬರುತ್ತಿಲ್ಲ,
ಸಿದ್ದೇಶ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಉಳಿದಿದೆ. ಬಾವ ತಟ್ಟಿದ್ದು ನನಗೆ ಕೇಳಿಸಿತ್ತು. ನಾನು ಹೊಸಬ ಎಂದು ಅವನು ಯಾವಾಗಲೂ ಎರಡು ಮೊಳ ಮುಂಚೆಯೇ ತಟ್ಟುತ್ತಿದ್ದ. ಅದು ಗೊತ್ತಿದ್ದ ನಾನು, ತಟ್ಟಿದ ಮೇಲೂ ಎರಡು ಮೊಳ ಹಿಂದಕ್ಕೆ ಬಿಟ್ಟೇ ನಿಲ್ಲಿಸುತ್ತಿದ್ದೆ. ಅವತ್ತು ಬೆಳಿಗ್ಗೆ ನಾನೇ ಜಂಬದಿಂದ, "ಇನ್ಮೇಲೆ ಸರಿಯಾದ್ ಜಾಗದಲ್ಲೇ ತಟ್ಟು ಬಾವ, ನಂಗೆ ಬತ್ತದೆ" ಅಂದಿದ್ದೆ. ಅವನು ನನ್ನನ್ನು ನಂಬಿ ಸರಿಯಾದ ಜಾಗದಲ್ಲೇ ತಟ್ಟಿದ. ನಾನು ದಿನದ ರೂಢಿಯಂತೆ ಎರಡು ಮೊಳ ಹಿಂದಕ್ಕೆ ಬಿಟ್ಟೆ.