ಮಸೂತಿಯಲ್ಲಿ ಉಳಿದ ಹೆಸರು

ಇಂಡಿ,
ತಾ. ೨ ಫೆಬ್ರವರಿ ೨೦೦೬

ಪ್ರೀತಿಯ ರೇವಪ್ಪ ಮಾಮಾ ಅವರಿಗೆ, ನಿಮ್ಮ ಅಕ್ಕನ ಮಗ ಶ್ರೀಶೈಲನ ಶರಣು ಶರಣಾರ್ಥಿ.

ಲಕೋಟೆಯ ಮೇಲೆ ನನ್ನ ಹೆಸರು ಕಂಡೂ ಒಲೆಗೆ ಹಾಕದೆ ಒಡೆದಿದ್ದೀರೆಂದರೆ ಅರ್ಧ ಗೆದ್ದೆ ಅಂದುಕೊಳ್ಳುತ್ತೇನೆ. ನಿಮ್ಮ ಆರೋಗ್ಯ ಹೇಗಿದೆ? ಇಂಡಿಗೆ ಮಗಳನ್ನು ಕೊಟ್ಟಿರುವ ನಿಮ್ಮ ಮಸೂತಿ ಊರಿನ ಭೀಮಶ್ಯಾ ಆಗಾಗ ನನ್ನ ಬೀಜ-ಔಷಧಿ ಅಂಗಡಿಗೆ ಬಂದು ಕೂಡುತ್ತಾನೆ. ನೀವು ಎಡಗಣ್ಣಿನ ಪೊರೆ ತೆಗೆಸಿದ್ದು ಅವನಿಂದಲೇ ತಿಳಿಯಿತು. ಕಣ್ಣಿಗೆ ನೀರು ತಾಗಿಸಬೇಡಿ, ಕಣದ ಧೂಳಿಗೆ ಹೋಗಬೇಡಿ. ಹೋಗೇ ಹೋಗುತ್ತೀರಿ, ಗೊತ್ತು. ಸುಗ್ಗಿಯ ದಿನ ನಿಮ್ಮನ್ನು ಮನೆಯಲ್ಲಿ ಕೂಡಿಸುವುದು ಗುಂಡವ್ವ ಅತ್ತೆಯಿಂದಲೂ ಆಗದ ಕೆಲಸ. ಅತ್ತೆಯ ಮಂಡಿನೋವು ಕಡಿಮೆಯಾಗಿದೆಯೇ? ಇಲ್ಲಿ ನನ್ನ ಹೆಂಡತಿ ವಿಜಯಲಕ್ಷ್ಮಿ ಆರಾಮ ಇದ್ದಾಳೆ. ಮಗಳು ಸಾಕ್ಷಿ ಹತ್ತನೆಯ ತರಗತಿ. ನನಗೆ ಸಕ್ಕರೆ ಕಾಯಿಲೆ ಹತ್ತಿಕೊಂಡಿದೆ. ಜನ್ಮದಲ್ಲಿ ಸಿಹಿಯಾಗಿ ಮಾತಾಡಿದವನಲ್ಲ, ಎಲ್ಲಿಂದ ಬಂತೋ ಕಾಣೆ.

ಹದಿನೆಂಟು ವರ್ಷದ ಮೇಲೆ ಬರೆಯುತ್ತಿದ್ದಾನೆ, ಏನೋ ಕೇಳುವುದಿದೆ ಎಂದು ನೀವು ಅಂದುಕೊಂಡರೆ ಅದು ಸರಿಯೇ. ಕೇಳುವುದು ಒಂದು ಹೆಸರು, ಅಷ್ಟೇ. ನನ್ನ ಹತ್ತಿರ ಬ್ಯಾಂಕಿನದೊಂದು ಕ್ರೆಡಿಟ್ ಕಾರ್ಡು ಇದೆ. ಸೋಲಾಪುರಕ್ಕೆ ಹೋದಾಗ ಅದನ್ನು ತೋರಿಸಿ ಪೆಟ್ರೋಲು ಹಾಕಿಸಿಕೊಂಡು, ರೊಕ್ಕ ತಿಂಗಳ ಮೇಲೆ ಕಟ್ಟುವ ವ್ಯವಸ್ಥೆ. ಇಲ್ಲಿ ತೋರಿಸಿದರೆ ಚಹಾದಂಗಡಿಯ ಗುಡುಸಾಬ, ‘ಇದೇನ್ರಿ ಸಾವಕಾರ್ರ, ಓಟಿನ ಚೀಟಿ ಏನು?’ ಅನ್ನುತ್ತಾನೆ. ಅದನ್ನು ಈಗ ಗೋಲ್ಡ್ ಕಾರ್ಡು ಮಾಡಿಕೊಡುತ್ತೇವೆ ಎಂದು ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಖರ್ಚಿನ ಮಿತಿ ಮೂರು ಪಟ್ಟು, ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟ, ಒಪ್ಪಲು ಇಂಥ ತಾರೀಖಿನವರೆಗೆ ಗಡುವು. ನಾನು ವಿಮಾನವನ್ನು ಕತ್ತೆತ್ತಿ ನೋಡಿದ್ದೇ ಹೊರತು ಹತ್ತಿದವನಲ್ಲ. ಆದರೂ ಆಸೆಯಾಯಿತು ಮಾಮಾ. ಔಷಧಿ ಕಂಪನಿಯ ಮೀಟಿಂಗಿನಲ್ಲಿ ದೊಡ್ಡ ದೊಡ್ಡ ಡೀಲರುಗಳ ಎದುರು ಬಂಗಾರದ ಬಣ್ಣದ ಕಾರ್ಡು ತೆಗೆದು ಮೇಜಿನ ಮೇಲೆ ಇಡಬೇಕೆಂಬ ಹುಚ್ಚು. ದೊಡ್ಡವರ ಕಣ್ಣಿಗೆ ಬೀಳುವ ಈ ಚಟ ನನಗೆ ಹಳೆಯದು. ಅದನ್ನು ನಿಮ್ಮಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಒಪ್ಪಿಗೆ ಎಂದೆ. ಆಕೆ ಅದೂ ಇದೂ ಕೇಳಿ ಬರೆದುಕೊಂಡಳು. ಕೊನೆಗೆ, ‘ನಿಮ್ಮ ತಾಯಿಯವರ ಮದುವೆಗೆ ಮುಂಚಿನ ಹೆಸರು ಹೇಳಿ ಸರ್’ ಎಂದಳು. ಹಳೆಯ ಅರ್ಜಿಯಲ್ಲಿ ಆ ಜಾಗ ಖಾಲಿ ಇತ್ತಂತೆ. ನಾನು ಠೀವಿಯಿಂದ ಸಿದ್ದಲಿಂಗವ್ವ ಎಂದೆ. ಅಂದಮೇಲೆ ಹೊಳೆಯಿತು, ಅದು ನಮ್ಮ ಮನೆಯವರು ಇಟ್ಟ ಹೆಸರು. ಸೊಸೆ ಹೊಸ್ತಿಲು ದಾಟಿದ ದಿನವೇ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿ, ಹಳೆಯದನ್ನು ಬಾಗಿಲ ಹೊರಗೇ ಬಿಡಿಸುವುದು ನಮ್ಮ ಮನೆತನದ ರೂಢಿ. ಮಸೂತಿಯಲ್ಲಿ ಅವ್ವನನ್ನು ಏನೆಂದು ಕರೆಯುತ್ತಿದ್ದರು? ಅಡ್ಡಹೆಸರು ನಿಮ್ಮದೇ, ಗೊತ್ತು. ಅದರ ಹಿಂದಿನ ಹೆಸರು? ನೀವು ತಮ್ಮ, ‘ಅಕ್ಕಾ’ ಅನ್ನುತ್ತಿದ್ದಿರಿ. ಅಜ್ಜಿ ‘ಮಗಳ’ ಅನ್ನುತ್ತಿದ್ದಳು. ರೇಶನ್ ಕಾರ್ಡಿನಿಂದ ಓಟಿನ ಚೀಟಿಯವರೆಗೆ ಎಲ್ಲದರಲ್ಲೂ ಸಿದ್ದಲಿಂಗವ್ವ. ಸಾಲಿಗೆ ಹೋಗದ ಅವ್ವನಿಗೆ ಬೇರೆ ಕಾಗದ ಎಲ್ಲಿಯದು? ನಾನು ತಡವರಿಸಿದ್ದು ಕೇಳಿ ಆ ಹುಡುಗಿಗೆ ಪಾಪ ಅನಿಸಿರಬೇಕು. ‘ನೆನಪಿರೋ ಯಾವುದಾದ್ರೂ ಹೆಸರು ಹೇಳಿ ಸರ್, ಯಾರೂ ಚೆಕ್ ಮಾಡಲ್ಲ’ ಎಂದಳು. ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ.

ವಿಜಯಲಕ್ಷ್ಮಿ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಿದ್ದಳು. ‘ನಂದರ ಗೊತ್ತೈತೇನ್ರಿ ನಿಮಗ, ಮದಿವಿಗಿ ಮುಂಚಿಂದು?’ ಎಂದಳು. ಜಯಮಾಲಾ ಎಂದೆ. ಅವಳ ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಒಮ್ಮೆ ನೋಡಿದ್ದೆ. ‘ಹದಿನೆಂಟು ವರ್ಸಕ್ಕ ಒಮ್ಮೆ ಕರದ್ರಿ ನೋಡ್ರಿ’ ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಈಗ ನನ್ನ ಮದುವೆಯ ಮಾತು. ಮದುವೆಯಲ್ಲಿ ಮರ್ಯಾದೆಗೆ ಕೊಡುವ ಆಯೇರಿಯ ಮೊದಲ ರುಮಾಲು ಸೋದರಮಾವನ ತಲೆಗೆ ಸುತ್ತಬೇಕು, ಇದು ಎಳೆಗೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹಂದರದಲ್ಲಿ ತಹಶೀಲ್ದಾರ ಸಾಹೇಬರು ಬಂದು ಕೂತಿದ್ದರು, ನನಗಾಗ ಅಂಗಡಿಯ ಲೈಸೆನ್ಸು ಆಗಬೇಕಿತ್ತು. ಅವರಿಗೆ ಮೊದಲು ಸುತ್ತಿಸಿ ಎರಡನೆಯದನ್ನು ನಿಮ್ಮ ಕಡೆ ತಂದೆ. ನೀವು ಅದನ್ನು ಮಡಿಚಿ ಚಾಪೆಯ ಮೇಲಿಟ್ಟು, ‘ದೊಡ್ಡವರು ಬಂದಾರ, ಅವರನ್ನ ನೋಡ್ಕೋ ಶೀಶೈಲ’ ಎಂದು ಉಣ್ಣದೆ ಎದ್ದು ಹೋದಿರಿ. ಆ ತಹಶೀಲ್ದಾರರಿಗೆ ಮರುವರ್ಷ ವರ್ಗವಾಯಿತು. ಅವರ ಮುಖವೂ ಈಗ ನನಗೆ ನೆನಪಿಲ್ಲ. ತಪ್ಪಾಯಿತು ಎಂದು ಆ ವಾರವೇ ಬಂದಿದ್ದರೆ ನೀವು ಎರಡು ಬಾರಿಸಿ ಜೊತೆಗೆ ಕೂಡಿಸಿಕೊಂಡು ಉಣ್ಣಿಸುತ್ತಿದ್ದಿರಿ. ‘ಮಾಮಾನೇ ಸಿಟ್ಟು ಮಾಡಿಕೊಂಡರು, ಅವರೇ ಬರಲಿ’ ಎಂದು ಕೂತೆ.

ನಮ್ಮ ಹಟದ ನಡುವೆ ಸವೆದವಳು ಅವ್ವ. ಪ್ರತಿ ವರ್ಷ ನಾಗರ ಪಂಚಮಿಗೆ ಎಂಟು ದಿನ ಇರುವಾಗಲೇ ಶೇಂಗಾದುಂಡಿ ಕಟ್ಟುತ್ತಿದ್ದಳು. ‘ಈ ವರ್ಸ ರೇವ್ಯಾ ಕರಿಯಾಕ ಬರ್ತಾನ, ನೋಡ್ತಿರು’ ಅನ್ನುತ್ತಿದ್ದಳು. ಹಬ್ಬ ಮುಗಿದ ಮೇಲೆ ಆ ಉಂಡಿಯನ್ನು ಅಂಗಡಿಯ ಆಳುಗಳಿಗೆ ಹಂಚುತ್ತಿದ್ದಳು, ನನಗೊಂದು ಮಾತು ಅನ್ನುತ್ತಿರಲಿಲ್ಲ. ಬಿಜಾಪುರದಲ್ಲಿ ಬಸ್ಸು ಬದಲಿಸಿದರೆ ಮೂರು ತಾಸಿನ ದಾರಿ ಮಾಮಾ. ಆಮೇಲೆ ನಾನು ಜೀಪು ಬೇರೆ ತೆಗೆದುಕೊಂಡೆ. ಅದರಲ್ಲಿ ಕಂಪನಿಯ ಸಾಹೇಬರನ್ನು ನಿಮ್ಮೂರ ಬಳಿಯ ಆಲಮಟ್ಟಿ ಅಣೆಕಟ್ಟು ನೋಡಲು ನಾಲ್ಕು ಸಲ ಒಯ್ದಿದ್ದೇನೆ. ಅವ್ವನನ್ನು ಮಸೂತಿಗೆ ಒಂದು ಸಲವೂ ಕರೆತರಲಿಲ್ಲ. ನಾನು ಕೆಟ್ಟ ಮಗ, ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡ ದಿನ ಮಸೂತಿಗೆ ಫೋನು ಹತ್ತಲಿಲ್ಲವೆಂದು ನಿಮಗೆ ಆಮೇಲೆ ಯಾರಾದರೂ ಹೇಳಿರಬೇಕು. ನೀವು ಮೂರು ದಿನಕ್ಕೆ ಬಂದು, ಅವ್ವನನ್ನು ಮಣ್ಣು ಮಾಡಿದ ಗದ್ದಿಗೆಗೆ ಕೈಮುಗಿದು, ಮನೆಯೊಳಗೆ ಕಾಲಿಡದೆ ಹೋದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬರುವ ಹುಣ್ಣಿಮೆಗೆ ವರ್ಷ ತುಂಬುತ್ತದೆ. ಗದ್ದಿಗೆಗೆ ಕಲ್ಲು ಕೂಡಿಸುತ್ತಿದ್ದೇವೆ. ಆಕೆಯ ಹೆಸರೊಂದನ್ನು ತಿಳಿಸಿದರೆ ದೊಡ್ಡ ಉಪಕಾರ. ಉತ್ತರಕ್ಕೆಂದು ವಿಳಾಸ ಬರೆದ ಇನ್‌ಲ್ಯಾಂಡ್ ಕಾಗದವನ್ನು ಇದರಲ್ಲೇ ಇಟ್ಟಿದ್ದೇನೆ.

ಅತ್ತೆಗೆ ನನ್ನ ಮತ್ತು ವಿಜಯಲಕ್ಷ್ಮಿಯ ನಮಸ್ಕಾರ ತಿಳಿಸಿ. ಸಾಕ್ಷಿಗೆ ಮಾರ್ಚಿನಲ್ಲಿ ಪರೀಕ್ಷೆ, ಅವಳಿಗೆ ನಿಮ್ಮ ಆಶೀರ್ವಾದ ಬೇಕು. ನನಗೆ ಕೇಳುವ ಮುಖವಿಲ್ಲ.

ನಿಮ್ಮ ಅಳಿಯ,
ಶ್ರೀಶೈಲ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಕಾರ್ಡಿನ ಗಡುವು ಮೊನ್ನೆ ಮೂವತ್ತೊಂದಕ್ಕೇ ಮುಗಿಯಿತು. ಆ ಹುಡುಗಿ ಮತ್ತೆ ಫೋನು ಮಾಡಿದ್ದಳು, ಬೇಡವೆಂದೆ. ಹೆಸರು ಬ್ಯಾಂಕಿಗಲ್ಲ, ಕಲ್ಲಿಗೆ ಮತ್ತು ನನಗೆ. ಇನ್ನೊಂದು. ಅವತ್ತು ಫೋನು ಹತ್ತಲಿಲ್ಲ ಅನ್ನುವುದು ಸುಳ್ಳು, ನಾನು ಮಾಡಲೇ ಇಲ್ಲ. ನೆರೆದ ನಾಲ್ಕು ದೊಡ್ಡ ಮಂದಿಯ ಎದುರು ನೀವೇನಾದರೂ ಅಂದೀರಿ ಎಂದು ಅಂಜಿದೆ. ಮಣ್ಣಿಗೆ ಒಯ್ಯುವ ಮುಂದೆ ಮೈಮೇಲೆ ಹೊದಿಸುವ ತವರಿನ ಸೀರೆ ಎಲ್ಲಿ ಎಂದು ಹಿರಿಯರು ಕೇಳಿದರು. ಬಜಾರಿನಲ್ಲಿ ನಾನೇ ಒಂದು ಇಳಕಲ್ ಸೀರೆ ಕೊಂಡು ತಂದು, ಮಸೂತಿಯಿಂದ ಬಂತು ಎಂದೆ. ಯಾರೂ ಚೆಕ್ ಮಾಡಲಿಲ್ಲ. ಹುಣ್ಣಿಮೆಗೆ ನೀವು ಸೀರೆ ತಂದು ಗದ್ದಿಗೆಗೆ ಹೊದಿಸಿದರೆ ಅವ್ವನಿಗೆ ತವರಿನದು ಮುಟ್ಟೀತು. ಬರಲು ಮನಸ್ಸಾಗದಿದ್ದರೆ ಆ ಇನ್‌ಲ್ಯಾಂಡ್ ಕಾಗದದ ತುಂಬ ನನ್ನನ್ನು ಬಯ್ಯಿರಿ. ಕೊನೆಗೆ ಒಂದು ಮೂಲೆಯಲ್ಲಿ ಅವ್ವನ ಹೆಸರು ಬರೆಯಿರಿ.